ಅವ್ವನ ಕಾಲಿಗೆ ಜಾಗ

ಅವ್ವನ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ಎತ್ತುತ್ತಿದ್ದೀರಿ. ಒಂದು ಕೈ ಹಿಮ್ಮಡಿಯ ಕೆಳಗೆ, ಇನ್ನೊಂದು ಮೀನಖಂಡದ ಕೆಳಗೆ. ಬಿಗಿಯಾದ ಕಾಲುಚೀಲದ ಒಳಗಿಂದ ಕಾಲಿನ ಬಿಸಿ ನಿಮ್ಮ ಅಂಗೈಗೆ ತಾಗುತ್ತದೆ. ಮೆಲ್ಲಗೆ ಮುಂದಕ್ಕೆ ಸರಿಸುತ್ತೀರಿ. ಇನ್ನೇನು ಹೆಬ್ಬೆರಳು ಎದುರಿನ ಗೋಡೆಗೆ ತಾಗಿತು, ಅವ್ವ ‘ಅಯ್ಯೋ’ ಅಂದಳು ಎಂದು ಉಸಿರು ಬಿಗಿಹಿಡಿಯುತ್ತೀರಿ. ತಾಗುವುದಿಲ್ಲ. ಇನ್ನೂ ಒಂದು ಗೇಣು ಜಾಗ ಉಳಿದಿದೆ.

ಅವ್ವ ಆ ಗೇಣು ಜಾಗವನ್ನೇ ನೋಡುತ್ತಾಳೆ.

“ಎಷ್ಟ ಕೊಟ್ಟಿ ಇದಕ್ಕ?”

“ಭಾಳೇನಿಲ್ಲಬೇ. ಹಿಂದಿನ ಸೀಟಿಗೂ ಇದಕ್ಕೂ ಐನೂರು ರೂಪಾಯಿ ಫರಕು.”

ಸುಳ್ಳು ಬಾಯಿಂದ ಸಲೀಸಾಗಿ ಜಾರಿ ಬೀಳುತ್ತದೆ. ಅವಳು ನಿಮ್ಮ ಮುಖ ನೋಡುತ್ತಾಳೆ, ಮತ್ತೆ ಕಾಲು ನೋಡುತ್ತಾಳೆ. ನಂಬಿದಳೋ ಬಿಟ್ಟಳೋ ತಿಳಿಯುವುದಿಲ್ಲ. ನೀವು ಬೆಲ್ಟಿನ ಕೊಕ್ಕೆ ಹುಡುಕುವ ನೆಪದಲ್ಲಿ ಬಗ್ಗುತ್ತೀರಿ.

ಹೈದರಾಬಾದಿನ ಶಂಶಾಬಾದ್ ನಿಲ್ದಾಣ, 2024ರ ಆಗಸ್ಟ್, ಮಧ್ಯಾಹ್ನ ಒಂದೂವರೆ. ವಿಮಾನ ಸಣ್ಣದು, ಬ್ರೆಜಿಲ್‌ನಲ್ಲಿ ತಯಾರಾದ ಎಂಬ್ರೇಯರ್ 175. ಒಟ್ಟು 76 ಸೀಟು. ಹಿಂದೆ 64, ಮುಂದೆ ಬರೀ 12. ಮುಂದಿನ ಸಾಲುಗಳಲ್ಲಿ ಒಂದು ಕಡೆ ಒಂಟಿ ಸೀಟು, ಇನ್ನೊಂದು ಕಡೆ ಜೋಡಿ. ನಿಮ್ಮದು ಮೊದಲ ಸಾಲಿನ ಬಲಗಡೆಯ ಜೋಡಿ. ಕಿಟಕಿಗೆ ಅವ್ವ, ಓಣಿಗೆ ನೀವು. ಒಂದೂಕಾಲು ಗಂಟೆಯ ಹಾರಾಟ. ಇಳಿಯುವುದು ಶಿವಮೊಗ್ಗದ ಸೋಗಾನೆಯಲ್ಲಿ. ಅಲ್ಲಿಂದ ಶಿಕಾರಿಪುರದ ಮೇಲೆ ಹಿರೇಕೆರೂರು, ನಿಮ್ಮೂರು. ತಮ್ಮ ಕಾರು ತೆಗೆದುಕೊಂಡು ಬೆಳಿಗ್ಗೆಯೇ ಹೊರಟಿದ್ದಾನೆ.

ಇಷ್ಟು ಚಿಕ್ಕ ದಾರಿಗೆ ಮುಂದಿನ ಸೀಟು ಯಾಕೆ ಎಂದು ಆಫೀಸಿನಲ್ಲಿ ಒಬ್ಬರು ಕೇಳಿದ್ದರು. ನೀವು ಉತ್ತರ ಕೊಡಲಿಲ್ಲ. ಮೊಣಕಾಲು ಬದಲಿಸಿ ಏಳು ವಾರವಾದ ಎಪ್ಪತ್ತರ ಹೆಂಗಸನ್ನು ಊರು ಮುಟ್ಟಿಸುವುದು ಹೇಗೆ ಎಂದು ಹನ್ನೆರಡು ರಾತ್ರಿ ಯೋಚಿಸಿದವರಿಗೇ ಆ ಉತ್ತರ ಗೊತ್ತು. ಸ್ಲೀಪರ್ ಬಸ್ಸಿನ ಕೆಳಗಿನ ಬರ್ತ್ ಸಿಕ್ಕರೂ ಅದರೊಳಗೆ ನುಸುಳುವಾಗ ಕಾಲು ಮಡಿಯಲೇಬೇಕು. ರೈಲಿನಲ್ಲಿ ಹೋದರೆ ನಡುರಾತ್ರಿ ಪಾಯಖಾನೆಯ ಬಾಗಿಲಲ್ಲಿ ಅವಳನ್ನು ಹಿಡಿದು ನಿಲ್ಲಬೇಕು, ಬೋಗಿ ತೂಗಾಡುತ್ತಿರುತ್ತದೆ. ವಿಮಾನದ ಹಿಂದಿನ ಸೀಟು ಅಗ್ಗವೇ. ‘ಉಡಾನ್’ ಯೋಜನೆ 2017ರಲ್ಲಿ ಹಾರಾಟ ಶುರು ಮಾಡಿದಾಗ ಗಂಟೆಯ ಪ್ರಯಾಣಕ್ಕೆ ಒಂದಷ್ಟು ಸೀಟುಗಳಿಗೆ 2,500 ರೂಪಾಯಿಯ ಮಿತಿ ಹಾಕಿದ್ದರಿಂದಲೇ ನಮ್ಮಂಥವರು ಈ ಕಡೆ ಮುಖ ಮಾಡಿದ್ದು. ಆದರೆ ಅಲ್ಲಿ ಕೂತರೆ ಮೊಣಕಾಲು ಎದುರಿನ ಸೀಟಿನ ಬೆನ್ನಿಗೆ ಒತ್ತುತ್ತದೆ. ಮುಂದೆ ಕೂತವರು ಒಮ್ಮೆ ಸೀಟು ಹಿಂದಕ್ಕೆ ವಾಲಿಸಿದರೆ ಮುಗಿಯಿತು. ‘ಅರ್ಧ ಗಂಟೆಗೊಮ್ಮೆ ಪಾದ ಆಡಿಸಬೇಕು, ರಕ್ತ ಹೆಪ್ಪುಗಟ್ಟಬಾರದು’ ಎಂದು ವೈದ್ಯರು ಚೀಟಿಯಲ್ಲಿ ಬರೆದು ಕೆಳಗೆ ಗೆರೆ ಎಳೆದುಕೊಟ್ಟಿದ್ದಾರೆ.

ಎರಡು ಸೀಟಿಗೆ 22 ಸಾವಿರ ಚಿಲ್ಲರೆ. ಈ ವರ್ಷ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,225 ರೂಪಾಯಿ. ಅಂದರೆ ಹತ್ತು ಕ್ವಿಂಟಲ್. ಟಿಕೆಟ್‌ನ ಮೇಲೆ ತೆರಿಗೆ ಬೇರೆ, ಹಿಂದಿನ ಸೀಟಿಗೆ ಶೇ 5, ಮುಂದಿನದಕ್ಕೆ ಶೇ 12. ಅವ್ವನ ಕಾಲಿಗೆ ಬೇಕಾದ ಆ ಒಂದು ಗೇಣು ಸರ್ಕಾರದ ಲೆಕ್ಕದಲ್ಲಿ ಐಷಾರಾಮ. ಫೋನಿನಲ್ಲಿ ಹಣ ಕಟ್ಟುವ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟು ಎಷ್ಟು ಹೊತ್ತು ಕೂತಿದ್ದಿರಿ ಎಂಬುದು ನಿಮಗೇ ಗೊತ್ತು.

ವಿಮಾನ ಓಡತೊಡಗುತ್ತದೆ. ಬೆನ್ನು ಸೀಟಿಗೆ ಅಂಟುತ್ತದೆ, ಹೊಟ್ಟೆಯೊಳಗಿಂದ ಏನೋ ಒಂದು ಹಿಂದೆ ಉಳಿದಂತಾಗುತ್ತದೆ. ಅವ್ವ ಕಣ್ಣು ಮುಚ್ಚಿ ತುಟಿ ಆಡಿಸುತ್ತಾಳೆ. ನೆಲ ಬಿಟ್ಟ ಮೇಲೆ ಕಣ್ಣು ತೆರೆದವಳು ಮೊದಲು ಮುಟ್ಟಿ ನೋಡುವುದು ಮೊಣಕಾಲನ್ನು. ಬೆಳಿಗ್ಗೆ ತಪಾಸಣೆಯಲ್ಲಿ ಯಂತ್ರ ಕೂಗಿದಾಗಲೂ ಹಾಗೇ ಮಾಡಿದ್ದಳು. ಒಳಗಿನ ಲೋಹಕ್ಕೆ ಅದು ಬೀಪ್ ಬೀಪ್ ಎಂದದ್ದೇ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಎರಡೂ ಕೈಯಲ್ಲಿ ಮೊಣಕಾಲು ಮುಚ್ಚಿಕೊಂಡಳು. ಪರದೆಯ ಹಿಂದೆ ಸೀರೆ ಸರಿಸಿ ಹೊಲಿಗೆಯ ಗುರುತು ತೋರಿಸಿ ಹೊರಬಂದಾಗ ಅವಳ ಮುಖ ಇಳಿದಿತ್ತು.

ಗಗನಸಖಿ ಬಿಸಿ ಟವೆಲ್ ತಂದುಕೊಡುತ್ತಾಳೆ. ಆವಿಯ ಜೊತೆ ನಿಂಬೆಯ ವಾಸನೆ. ಅವ್ವ ಮುಖ, ಕುತ್ತಿಗೆ, ಬಳೆಯ ಹಿಂದಿನ ಮಣಿಕಟ್ಟು ಎಲ್ಲವನ್ನೂ ನಿಧಾನವಾಗಿ ಒರೆಸಿಕೊಂಡು, ಟವೆಲನ್ನು ನಾಲ್ಕು ಮಡಿಕೆ ಮಾಡಿ ವಾಪಸು ಕೊಡುತ್ತಾಳೆ. ಹುಡುಗಿ ಧಾರವಾಡದ ಕಡೆಯವಳು. “ಇರಲಿ ಬಿಡ್ರಿ ಅಜ್ಜಿ” ಎಂದು ನಗುತ್ತಾಳೆ. ಆಮೇಲೆ ಹಿಂದೆ ಹೋಗಿ ನಡುವಿನ ಪರದೆ ಎಳೆಯುತ್ತಾಳೆ.

“ಪಡದಾ ಯಾಕ ಎಳದ್ರು? ನಿಮ್ಮಪ್ಪ ಹೋದಾಗ ಪಡದಾನ ಇರಲಿಲ್ಲಂತ.”

ಅಪ್ಪ ಜೀವನದಲ್ಲಿ ಒಮ್ಮೆ ಹಾರಿದ್ದರು, ಹುಬ್ಬಳ್ಳಿಯಿಂದ ಬೆಂಗಳೂರಿಗೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಮೊದಲು ಜೋಡಿಸಿದ್ದು ಈ ಎರಡು ಊರುಗಳನ್ನೇ. ರೆಕ್ಕೆಗೆ ಪಂಕ ಕಟ್ಟಿದ ಸಣ್ಣ ವಿಮಾನ. ಕುಡಿಯುವ ನೀರಿಗೂ ದುಡ್ಡು, ಸೀಟಿಗೆ ನಂಬರಿಲ್ಲ. ಮೊದಲು ಹತ್ತಿದವರಿಗೆ ಕಿಟಕಿ. ಟವೆಲ್ ಹಾಕಿ ಸೀಟು ಹಿಡಿದೆ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ಆ ವಿಮಾನದಲ್ಲಿ ಮುಂದಿನವರು ಹಿಂದಿನವರು ಎಂಬ ಭೇದ ಇರಲಿಲ್ಲ ಎಂಬುದು ನಿಜ. ಅವರ ಮೊಣಕಾಲು ಗಟ್ಟಿ ಇತ್ತು ಎಂಬುದೂ ನಿಜ.

ಪರದೆಯ ಆಚೆ ಒಂದು ಕೂಸು ಅಳುತ್ತಿದೆ. ನೀವು ಬಗ್ಗಿ ಅವ್ವನ ಪಾದ ಹಿಡಿಯುತ್ತೀರಿ. ಮುಂದಕ್ಕೆ, ಹಿಂದಕ್ಕೆ. ಮುಂದಕ್ಕೆ, ಹಿಂದಕ್ಕೆ. ಇಪ್ಪತ್ತು ಸಲ.

ಮುಕ್ಕಾಲು ಗಂಟೆಯಾದ ಮೇಲೆ ಎಂಜಿನ್ನಿನ ಸದ್ದು ತಗ್ಗುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ. ಹೊರಗಿನ ಬಿಸಿಲು ಒಮ್ಮೆಲೇ ಆರಿ ಕಿಟಕಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮಲೆನಾಡಿನ ಮೋಡದೊಳಗೆ ಇಳಿಯುತ್ತಿದ್ದೀರಿ. ಗಾಜಿನ ಮೇಲೆ ನೀರಿನ ಗೆರೆಗಳು ಅಡ್ಡಡ್ಡ ಓಡುತ್ತವೆ. ವಿಮಾನ ಒಮ್ಮೆ ಕುಸಿಯುತ್ತದೆ, ಬಾವಿಗೆ ಬಿಟ್ಟ ಕೊಡದಂತೆ, ಮತ್ತೆ ಎಲ್ಲೋ ತಡೆದು ನಿಲ್ಲುತ್ತದೆ. ಹುಡುಗಿ ಬಂದು ನಿಮ್ಮ ಎದುರಿನ ಪುಟ್ಟ ಮಡಚು ಸೀಟಿನಲ್ಲಿ ಕೂತು ಭುಜದ ಪಟ್ಟಿ ಬಿಗಿದುಕೊಳ್ಳುತ್ತಾಳೆ.

ಮೊದಲ ಸಾಲಿನವರಿಗೆ ಸಿಗುವ ನೋಟ ಇದು. ಹಿಂದಿನ 64 ಮಂದಿಗೆ ಎದುರಿನ ಸೀಟಿನ ಬೆನ್ನು, ನಿಮಗೆ ಅವಳ ಮುಖ. ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ನೇರ ಕೂರುತ್ತಾಳೆ. ಕಣ್ಣು ತೆರೆದಿದೆ, ಆದರೆ ನಿಮ್ಮನ್ನು ನೋಡುತ್ತಿಲ್ಲ. ಏನಾದರೂ ಆದರೆ ಮೊದಲು ಯಾವ ಬಾಗಿಲು, ಯಾವ ಕೂಗು, ಯಾರನ್ನು ಎತ್ತಬೇಕು ಎಂದು ಪ್ರತಿ ಸಲ ಇಳಿಯುವಾಗಲೂ ಅವರು ಮನಸ್ಸಿನಲ್ಲೇ ಒಮ್ಮೆ ಓದಿಕೊಳ್ಳುತ್ತಾರೆ. ಇದು ಅವರ ತರಬೇತಿ. ಅವಳ ನೋಟ ಅವ್ವನ ಕಾಲಿನ ಮೇಲೆ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ.

“ಹೊರಗ ಹೋಗಬೇಕಾಗೇತಿ” ಎಂದು ಅವ್ವ ಕಿವಿಯಲ್ಲಿ ಹೇಳುತ್ತಾಳೆ.

ಈಗಲೇ? ಶೌಚಾಲಯದ ಬಾಗಿಲು ಎರಡೇ ಹೆಜ್ಜೆ ಆಚೆ ಇದೆ. ಆದರೆ ಬೆಲ್ಟಿನ ದೀಪ ಉರಿಯುತ್ತಿದೆ. ಹೈದರಾಬಾದಿನಲ್ಲಿ ವೀಲ್‌ಚೇರ್ ತಳ್ಳುವ ಹುಡುಗನಿಗೆ ಹೇಳಲು ನಾಚಿಕೆಪಟ್ಟು ಆಗಿನಿಂದ ತಡೆದುಕೊಂಡಿದ್ದಾಳೆ. ನೀವು ಹುಡುಗಿಯತ್ತ ನೋಡುತ್ತೀರಿ. ಅವಳು ತಲೆ ಅಲ್ಲಾಡಿಸುತ್ತಾಳೆ. “ಹತ್ತ ನಿಮಿಷ ತಡೀರಿ ಅಜ್ಜಿ, ಇಳದ ಬಿಡ್ತೀವಿ.”

ಕಾಲ ಕೆಳಗೆ ಗಡಗಡ ಸದ್ದು, ಆಮೇಲೆ ಧಡ್ ಎಂದು ಒಂದು ಪೆಟ್ಟು. ಚಕ್ರ ಹೊರಬಂದಿವೆ. ಬೂದು ಬಣ್ಣ ತೆಳುವಾಗುತ್ತದೆ. ಒಂದು ತುಂಡು ಹಸಿರು. ಅಡಿಕೆ ತೋಟದ ತುದಿ? ಮತ್ತೆ ಬೂದು. ಮತ್ತೆ ಹಸಿರು, ಇಷ್ಟು ಹತ್ತಿರ! ಇನ್ನೇನು ನೆಲ ಎಂದು ಅವ್ವನ ಕಾಲಿಗೆ ಅಡ್ಡ ಕೈ ಹಿಡಿಯುತ್ತೀರಿ.

ಎಂಜಿನ್ ಕಿರುಚುತ್ತದೆ.

ಮೂತಿ ಮೇಲಕ್ಕೆ. ಬೆನ್ನು ಸೀಟಿಗೆ. ಮತ್ತೆ ಧಡ್, ಚಕ್ರ ಒಳಕ್ಕೆ. ಹಸಿರು ಮಾಯ. ಹಿಂದೆ ಯಾರೋ “ದೇವರೇ” ಎನ್ನುತ್ತಾರೆ. ಕೂಸು ಅಳುವುದನ್ನು ನಿಲ್ಲಿಸಿಬಿಟ್ಟಿದೆ, ಅದೇ ಹೆಚ್ಚು ಹೆದರಿಸುತ್ತದೆ. ಅವ್ವನ ಬೆರಳು ನಿಮ್ಮ ಮುಂಗೈಗೆ ಇಳಿಯುತ್ತವೆ, ಉಗುರು ಚರ್ಮಕ್ಕೆ ನಾಟುತ್ತವೆ. ಬಾಯಿ ಒಣಗಿದೆ. ನಾಲಿಗೆಯ ಮೇಲೆ ಲೋಹದ ರುಚಿ. ಬೇಡವೆಂದರೂ 2010ರ ಮೇ 22ರ ಮಂಗಳೂರು ನೆನಪಾಗುತ್ತದೆ. ರನ್‌ವೇ ಮುಗಿದ ಮೇಲಿನ ಆ ಕಣಿವೆ, 158 ಜೀವ. ನೀವು ಹುಡುಗಿಯ ಮುಖ ನೋಡುತ್ತೀರಿ. ಈ ವಿಮಾನದಲ್ಲಿ ನಿಮಗೆ ತಿಳಿದ ಒಂದೇ ಅಳತೆಗೋಲು ಅದು. ಅವಳು ಈಗ ನಿಮ್ಮನ್ನೇ ನೋಡುತ್ತಿದ್ದಾಳೆ. ತುಟಿ ಒಣಗಿದೆ, ಆದರೆ ಕಣ್ಣು ಸ್ಥಿರ. ಬೆರಳಿನಿಂದ ಮೇಲೆ ತೋರಿಸಿ ಒಂದು ಸುತ್ತು ತಿರುಗಿಸುತ್ತಾಳೆ. ಮತ್ತೊಂದು ಸುತ್ತು, ಅಷ್ಟೇ.

ಅಷ್ಟೇ ನಿಜ. ಇಂತಿಷ್ಟು ಎತ್ತರಕ್ಕೆ ಇಳಿಯುವಷ್ಟರಲ್ಲಿ ರನ್‌ವೇ ಕಣ್ಣಿಗೆ ಬೀಳಲೇಬೇಕು, ಬೀಳದಿದ್ದರೆ ಪೈಲಟ್ ಮತ್ತೆ ಮೇಲೇರಲೇಬೇಕು. ಆ ಕಿರುಚಾಟ ನಿಯಮದ ದನಿ. ಇದು ನಿಮಗೆ ಗೊತ್ತು. ಮೈಗೆ ಗೊತ್ತಿಲ್ಲ.

ಸೋಗಾನೆಯ ರನ್‌ವೇ 3,200 ಮೀಟರ್ ಉದ್ದ. 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಗಿ ಕುವೆಂಪು ಅವರ ಹೆಸರು ಹೊತ್ತ ನಿಲ್ದಾಣ. ಅಷ್ಟು ಉದ್ದದ ದಾರಿ ಕೆಳಗೆ ಬಿದ್ದುಕೊಂಡಿದೆ, ಅದರ ಪಕ್ಕದಲ್ಲಿ ಎಲ್ಲೋ ತಮ್ಮ ನಿಂತಿದ್ದಾನೆ. ಮಳೆಗಾಲದಲ್ಲಿ ಈ ಮೋಡ ಕವಿದರೆ ಇಳಿಯಲಾಗದೆ ವಿಮಾನ ತಿರುಗಿಹೋದದ್ದು ಹೊಸದಲ್ಲ. ಕ್ಯಾಪ್ಟನ್ ಇನ್ನೊಂದು ಪ್ರಯತ್ನ ಎನ್ನುತ್ತಾರೆ. ಮೋಡದ ಮೇಲೆ ಹತ್ತು ನಿಮಿಷ ಸುತ್ತು. ಮತ್ತೆ ಇಳಿತ, ಮತ್ತೆ ಧಡ್, ಮತ್ತೆ ಬೂದು. ಈ ಸಲ ಹಸಿರು ಕಾಣುವುದೇ ಇಲ್ಲ. ಮತ್ತೆ ಕಿರುಚಾಟ.

ಅವ್ವ ಕಣ್ಣು ಮುಚ್ಚಿಯೇ ಕೇಳುತ್ತಾಳೆ. “ಖರೇ ಹೇಳ. ಏನರ ಆಗೇತೇನು?”

ಇಲ್ಲಿ ನಿಮಗೆ ಎರಡನೇ ಸುಳ್ಳು ಬೇಕಾಗುತ್ತದೆ. ‘ಏನೂ ಇಲ್ಲಬೇ, ಟ್ರಾಫಿಕ್ಕು’ ಎನ್ನಬಹುದು. ಅವಳ ಉಗುರಿನ ಕೆಳಗೆ ನಿಮ್ಮ ನಾಡಿ ಹೊಡೆದುಕೊಳ್ಳುತ್ತಿದೆ, ಅದನ್ನು ಅವಳು ಎಣಿಸುತ್ತಿದ್ದಾಳೆ. ಆ ಬೆರಳಿಗೆ ಸುಳ್ಳು ಹೇಳಲಾಗುವುದಿಲ್ಲ.

“ಮೋಡದಾಗ ದಾರಿ ಕಾಣವಲ್ದಂತ. ಎರಡು ಸರ್ತಿ ನೋಡಿದ್ರು, ಆಗಲಿಲ್ಲ. ನನಗೂ ಹೆದರಿಕಿ ಆಗೇತಿ.”

ಅವ್ವ ಕಣ್ಣು ತೆರೆಯುತ್ತಾಳೆ. ವಿಚಿತ್ರವೆಂದರೆ ಅವಳ ಹಿಡಿತ ಸಡಿಲುತ್ತದೆ. “ಹಂಗ ಹೇಳು ಮತ್ತ” ಎನ್ನುತ್ತಾಳೆ. ನಿಮ್ಮ ಮುಂಗೈಯ ಮೇಲೆ ನಾಲ್ಕು ಅರ್ಧಚಂದ್ರ ಮೂಡಿವೆ. ಅವುಗಳ ಮೇಲೆ ಹೆಬ್ಬೆರಳು ಆಡಿಸುತ್ತಾಳೆ.

ಕ್ಯಾಪ್ಟನ್‌ನ ದನಿ: ಹುಬ್ಬಳ್ಳಿಗೆ ಹೋಗುತ್ತಿದ್ದೇವೆ.

ವಿಮಾನ ಸಮವಾಗುತ್ತದೆ, ದೀಪ ಆರುತ್ತದೆ. ದೀಪ ಆರಿದ್ದೇ ಹುಡುಗಿ ಪಟ್ಟಿ ಬಿಚ್ಚಿ ಎದ್ದು ಅವ್ವನ ಒಂದು ರಟ್ಟೆ ಹಿಡಿಯುತ್ತಾಳೆ, ಇನ್ನೊಂದು ನೀವು. ಎರಡು ಹೆಜ್ಜೆ. ಅಷ್ಟೇ ದೂರ. ಮೊದಲನೆಯ ಹೆಜ್ಜೆಗೆ ಮೊಣಕಾಲು ನಡುಗುತ್ತದೆ, ಎರಡನೆಯದಕ್ಕೆ ಬಾಗಿಲಿನ ಅಂಚು ಸಿಗುತ್ತದೆ. ಬಾಗಿಲು ಅರ್ಧ ತೆರೆದಿಟ್ಟು ಹುಡುಗಿ ತನ್ನ ಬೆನ್ನನ್ನೇ ಪರದೆ ಮಾಡಿ ನಿಲ್ಲುತ್ತಾಳೆ. ಇದೇ ಕಾಲು ಹಿಂದಿನ ಯಾವುದೋ ನಡುಸಾಲಿನಿಂದ ಆ ಸಣ್ಣ ಓಣಿಯಲ್ಲಿ ಸೀಟು ಸೀಟು ಹಿಡಿದು ನಡೆದು ಬರಬೇಕಾಗಿದ್ದರೆ? ಆ ಯೋಚನೆಗೆ ಹೊಟ್ಟೆ ತಣ್ಣಗಾಗುತ್ತದೆ. ಹಿಂದೆ ಹಾಗೆ ಬರಲಾಗದ ಎಷ್ಟು ಅವ್ವಂದಿರು ಕೂತಿದ್ದಾರೋ ಎಂಬ ಯೋಚನೆಯೂ ಅದರ ಜೊತೆಗೇ ಬರುತ್ತದೆ, ಬಂದದ್ದು ಹೋಗುವುದಿಲ್ಲ. ಪರದೆಯ ಬಟ್ಟೆ ಎಷ್ಟು ತೆಳು ಎಂದು ಈಗ ಕಾಣುತ್ತದೆ.

ಅವ್ವ ಮತ್ತೆ ಕೂತು ಹಗುರಾಗಿದ್ದಾಳೆ. ನೀವು ಫೋನನ್ನು ಕಿಟಕಿಗೆ ಹಿಡಿಯುತ್ತೀರಿ. ಏರೋಪ್ಲೇನ್ ಮೋಡ್‌ನಲ್ಲಿ ಮಾತು ಹೋಗದಿದ್ದರೂ ಉಪಗ್ರಹದ ಗುರುತು ಸಿಗುತ್ತದೆ, ಜಿಲ್ಲೆಯ ನಕ್ಷೆ ಮೊದಲೇ ಇಳಿಸಿಕೊಂಡಿದ್ದೀರಿ. ನೀಲಿ ಚುಕ್ಕೆ ಉತ್ತರಕ್ಕೆ ಜಾರುತ್ತಿದೆ. ಶಿಕಾರಿಪುರ ದಾಟಿತು. ಸೋಗಾನೆಯಿಂದ ಹುಬ್ಬಳ್ಳಿಗೆ ಸ್ಕೇಲು ಇಟ್ಟು ಗೆರೆ ಎಳೆದು ನೋಡಿ. ಆ ಗೆರೆ ಹಿರೇಕೆರೂರಿನ ನೆತ್ತಿಯ ಮೇಲೆ ಹಾದು, ಹಾನಗಲ್ಲನ್ನು ಎಡಕ್ಕೆ, ಸವಣೂರನ್ನು ಬಲಕ್ಕೆ ಬಿಟ್ಟು, ಶಿಗ್ಗಾವಿಯ ಮೇಲೆ ಹೋಗುತ್ತದೆ. ಹಾವೇರಿ ಜಿಲ್ಲೆಗೆ ಸ್ವಂತ ವಿಮಾನ ನಿಲ್ದಾಣ ಇಲ್ಲ. ನಮ್ಮ ನಾಲ್ಕೂ ತಾಲ್ಲೂಕು ಎರಡು ನಿಲ್ದಾಣಗಳ ನಡುವೆ ಹಗ್ಗಕ್ಕೆ ಹಾಕಿದ ಬಟ್ಟೆಯಂತೆ ತೂಗಿಕೊಂಡಿವೆ.

ಚುಕ್ಕೆ ‘ಹಿರೇಕೆರೂರು’ ಎಂಬ ಅಕ್ಷರದ ಮೇಲೆ ಬರುತ್ತದೆ.

“ಅವ್ವಾ, ಈಗ ನಾವು ನಮ್ಮೂರ ಮ್ಯಾಲ ಅದೀವಿ.”

ಅವಳು ಹಣೆಯನ್ನು ಗಾಜಿಗೆ ಒತ್ತುತ್ತಾಳೆ. ಕೆಳಗೆ ಹತ್ತಿ ರಾಶಿಯಂಥ ಮೋಡ, ಇನ್ನೇನೂ ಇಲ್ಲ. ಅದರ ತಳದಲ್ಲಿ ಅವಳ ಮನೆ ಇದೆ. ಏಳು ವಾರದಿಂದ ಯಾರೂ ಕಸ ಹೊಡೆಯದ ಹಿತ್ತಲಿದೆ, ತೆನೆ ಬಿಟ್ಟ ಜೋಳದ ಹೊಲವಿದೆ. ಐದು ಕಿಲೋಮೀಟರೂ ಇರಲಾರದು. ಅದೂ ನೇರ ಕೆಳಕ್ಕೆ. “ಇಲ್ಲೇ ಇಳಸು ಅನ್ನಬೇಕು” ಎನ್ನುತ್ತಾಳೆ. ಅವಳ ಉಸಿರಿಗೆ ಗಾಜು ಮಂಜಾಗುತ್ತದೆ. ಅಂಗೈಯಿಂದ ಒರೆಸಿ ಮತ್ತೆ ನೋಡುತ್ತಾಳೆ.

ಉತ್ತರಕ್ಕೆ ಹೋದಂತೆ ಮೋಡ ಹರಿಯುತ್ತದೆ. ಆಚೆ ಬದಿಯ ಒಂಟಿ ಸೀಟಿನಲ್ಲಿ ಇಷ್ಟು ಹೊತ್ತು ಕಣ್ಣು ಮುಚ್ಚಿ ಸೀಟಿನ ಕೈ ಬಿಗಿಹಿಡಿದು ಕೂತಿದ್ದ ಯಜಮಾನರು ಒಮ್ಮೆಲೇ ನಿಮ್ಮ ಕಡೆ ತಿರುಗುತ್ತಾರೆ. ಮಾವಿನ ವ್ಯಾಪಾರದವರು, ಹಾನಗಲ್ಲಿನವರು. “ನಮ್ಮ ಆನೆಕೆರಿ ಕಂಡಂಗಾತು ನೋಡ್ರಿ!” ಅವರ ದನಿ ಒಡೆದಿದೆ, ಕಣ್ಣು ಒದ್ದೆ. ಈ ವಿಮಾನದಲ್ಲಿ ಅವರು ಆಡಿದ ಮೊದಲ ಮಾತು ಅದು.

ಬಲಗಡೆ ವರದೆ. ಮಳೆನೀರು ತುಂಬಿ ಕೆಂಪಗಾದ ಹೊಳೆ ಹಸಿರಿನ ನಡುವೆ ಬಳುಕಿದೆ. ಅದರಾಚೆ ಒಂದು ಊರು, ಒತ್ತೊತ್ತು ಮನೆಗಳು, ಪಕ್ಕದಲ್ಲಿ ಹೊಳೆಯುವ ನೀರಿನ ಒಂದು ತುಣುಕು. ಅವ್ವನ ಬೆನ್ನು ನೆಟ್ಟಗಾಗುತ್ತದೆ.

“ಸವಣೂರ! ಅದು ಮೋತಿ ತಲಾಬ ಇರಬೇಕು.”

ಸವಣೂರು ಅವಳ ತವರು. ಸೋದರಮಾವನ ಎಲೆತೋಟ ಇರುವ ಊರು. ಕಾಲು ಕೆಟ್ಟಾಗಿನಿಂದ ನಾಲ್ಕು ವರ್ಷ ಅವಳು ಅಲ್ಲಿಗೆ ಹೋಗಿಲ್ಲ. ಅಲ್ಲಿಯ ಮಠದ ಅಂಗಳದಲ್ಲಿ ಮೂರು ದೊಡ್ಡಹುಣಸೆ ಮರಗಳಿದ್ದಾವೆ, ಆಫ್ರಿಕಾದ ನೆಲದವು, ಆನೆಯ ಮೈಯಂಥ ಬೊಡ್ಡೆಯವು. ಚಿಕ್ಕವಳಿದ್ದಾಗ ಗೆಳತಿಯರೆಲ್ಲ ಕೈಗೆ ಕೈ ಕೊಟ್ಟು ತಬ್ಬಿದರೂ ಮರ ಕೈಗೆ ಸಿಗುತ್ತಿರಲಿಲ್ಲವಂತೆ. ಕಳೆದ ವರ್ಷದ ಮಳೆಗೆ ಅದರಲ್ಲಿ ಒಂದು ಬುಡಸಮೇತ ಬಿತ್ತು. ಅವ್ವ ಸುದ್ದಿ ಕೇಳಿ ಊಟ ಬಿಟ್ಟಿದ್ದಳು. ಆಮೇಲೆ ಜನ ಸೇರಿ ಅದನ್ನು ಮತ್ತೆ ಎತ್ತಿ ನೆಟ್ಟರು.

ಊರು ರೆಕ್ಕೆಯ ಕೆಳಗೆ ಸರಿದು ಹೋಗುವವರೆಗೂ ಅವಳು ಕಿಟಕಿ ಬಿಡುವುದಿಲ್ಲ.

ಹುಬ್ಬಳ್ಳಿಯಲ್ಲೂ ಮಳೆ, ಆದರೆ ಜಿಟಿಜಿಟಿ. 2015ರ ಮಾರ್ಚ್‌ನಲ್ಲಿ ಇದೇ ನಿಲ್ದಾಣದಲ್ಲಿ ಮಳೆಯಲ್ಲಿ ಇಳಿದ ವಿಮಾನವೊಂದು ರನ್‌ವೇ ಬಿಟ್ಟು ಜಾರಿತ್ತು, ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಆಗಿನ ಸಣ್ಣ ರನ್‌ವೇ ಈಗ 2,600 ಮೀಟರ್ ಆಗಿದೆ. ಲೆಕ್ಕ ಗೊತ್ತಿದ್ದೂ ಚಕ್ರ ನೆಲಕ್ಕೆ ತಾಗುವವರೆಗೆ ನೀವು ಉಸಿರಾಡುವುದಿಲ್ಲ. ತಾಗುತ್ತದೆ. ಇಡೀ ಮೈ ಮುಂದಕ್ಕೆ ಎಳೆಯುತ್ತದೆ, ಅವ್ವನ ಕಾಲು ಜಾರುತ್ತದೆ, ಆ ಒಂದು ಗೇಣಿನಲ್ಲಿ ಜಾರಿ, ಗೋಡೆ ಮುಟ್ಟುವ ಮೊದಲೇ ನಿಲ್ಲುತ್ತದೆ. ಪರದೆಯ ಆಚೆ ಚಪ್ಪಾಳೆ. ಈಚೆ ಯಜಮಾನರೂ ಚಪ್ಪಾಳೆ ತಟ್ಟುತ್ತಾರೆ, ಹುಡುಗಿ ತೊಡೆಯ ಕೆಳಗಿಂದ ಕೈ ಹೊರತೆಗೆದು ಬೆರಳು ಬಿಡಿಸಿಕೊಳ್ಳುತ್ತಾಳೆ.

ಫೋನು ಹಚ್ಚಿದ್ದೇ ತಮ್ಮನ ಹನ್ನೊಂದು ಮಿಸ್ಡ್ ಕಾಲ್. ಅವನಿಗೆ ನೀವೇ ಸಮಾಧಾನ ಹೇಳಬೇಕಾಗುತ್ತದೆ. ಗೋಕುಲ ರೋಡಿನಲ್ಲಿ ಬಾಡಿಗೆ ಕಾರು ಸಿಗುತ್ತದೆ. ಮುಂದಿನ ಸೀಟನ್ನು ಪೂರ್ತಿ ಹಿಂದೆ ತಳ್ಳಿ ಅವ್ವನನ್ನು ಕೂರಿಸಿ, ಕಾಲ ಕೆಳಗೆ ಚೀಲ ಇಡುತ್ತೀರಿ. ಹೆದ್ದಾರಿ 48ರ ಮೇಲೆ ಲಾರಿಗಳ ಸಾಲು, ಒದ್ದೆ ಡಾಂಬರಿನ ವಾಸನೆ, ಕಿಟಕಿಯಿಂದ ಬರುವ ಹಸಿ ಎರೆಮಣ್ಣಿನ ಗಾಳಿ. ಒಂದು ಗಂಟೆಯ ಹಿಂದೆ ಮೇಲಿಂದ ದಾಟಿದ ಶಿಗ್ಗಾವಿಯನ್ನು ಈಗ ಕೆಳಗಿಂದ ದಾಟುತ್ತೀರಿ.

“ಈಗರ ಖರೇ ಹೇಳ. ಎಷ್ಟ ಕೊಟ್ಟಿ?”

ಹೇಳುತ್ತೀರಿ. 22 ಸಾವಿರದ ಮೇಲಿನ ಚಿಲ್ಲರೆಯನ್ನೂ ಬಿಡದೆ ಹೇಳುತ್ತೀರಿ.

ಅವ್ವ ಮಾತಾಡುವುದಿಲ್ಲ. ಹೆಬ್ಬೆರಳು ಇತರ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಸರಿಯುತ್ತದೆ. ಹತ್ತು ಕ್ವಿಂಟಲಿಗೆ ಬಂದು ನಿಲ್ಲುವುದನ್ನು ಹಿಂದಿನ ಸೀಟಿನಿಂದ ನೋಡುತ್ತೀರಿ. ಬೈಯುತ್ತಾಳೆ ಎಂದು ಕಾಯುತ್ತೀರಿ. ವೈಪರ್ ಆಚೆ ಹೋಗಿ ಈಚೆ ಬರುತ್ತದೆ.

ಬಂಕಾಪುರದ ಕ್ರಾಸು. ಬಲಕ್ಕೆ ಹಾನಗಲ್ಲು, ಅದರ ಮೇಲೆ ಹಿರೇಕೆರೂರು, ಮನೆ, ಹಾಸಿಗೆ. ಡ್ರೈವರ್ ಬಲಗಡೆಯ ಇಂಡಿಕೇಟರ್ ಹಾಕುತ್ತಾನೆ.

“ಎಡಕ್ಕ ಹೊಳ್ಳಸಪ್ಪಾ” ಎನ್ನುತ್ತಾಳೆ ಅವ್ವ. “ಸವಣೂರಿಗೆ. ಬಿದ್ದ ಮರ ಎದ್ದು ನಿಂತೇತಂತ, ನೋಡಿ ಹೋಗೂಣು.”

ಡ್ರೈವರ್ ಕನ್ನಡಿಯಲ್ಲಿ ನಿಮ್ಮನ್ನು ನೋಡುತ್ತಾನೆ. ನೀವು ತಲೆಯಾಡಿಸುತ್ತೀರಿ. ಕಾರು ಎಡಕ್ಕೆ ಹೊರಳುತ್ತದೆ. ಮುಂದಿನ ಸೀಟಿನಲ್ಲಿ, ಚೀಲದ ಮೇಲೆ ಚಾಚಿದ ಪಾದ, ಯಾರೂ ಹೇಳದೆ, ಯಾರೂ ಹಿಡಿಯದೆ, ಮುಂದಕ್ಕೆ ಬಾಗುತ್ತದೆ, ಹಿಂದಕ್ಕೆ ಬರುತ್ತದೆ. ಮತ್ತೆ ಮುಂದಕ್ಕೆ.